ಮಾವನವರ ಗೊರಕೆ

ಗಾಢವಾಗಿ ಮಲಗಿರುವ ಒಬ್ಬರ ನಿದ್ದೆ, ನಿದ್ದೆ ಸಿಗದ ಇನ್ನೊಬ್ಬರನ್ನು ತೊಟ್ಟಿಲಿನಂತೆ ತೂಗಬಹುದೇ?

ಧಾರವಾಡದ ಅಂಚಿನಲ್ಲಿದ್ದ ನಿದ್ರಾ ಪ್ರಯೋಗಾಲಯ ಈ ಒಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಅಲ್ಲಿ ಕೊನೆಗೆ ತಯಾರಾದದ್ದು ಎರಡು ಹತ್ತಿಯ ಟೊಪ್ಪಿಗೆ. ಕೂಸಿನ ತಲೆ, ಕಿವಿ ಮುಚ್ಚುವಂತೆ ಕಟ್ಟುವ ಕುಂಚಿಗೆಯ ಹಾಗೆ ಕಾಣುತ್ತಿದ್ದುದರಿಂದ ಎಲ್ಲರೂ ಅವನ್ನು ಕುಂಚಿಗೆ ಎಂದೇ ಕರೆಯುತ್ತಿದ್ದರು. ಒಂದನ್ನು ಚೆನ್ನಾಗಿ ನಿದ್ದೆ ಮಾಡುವವರು ಕಟ್ಟಿಕೊಳ್ಳಬೇಕು. ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ಏಳುವ ನಿಧಾನದ ಅಲೆಗಳನ್ನು ಅದು ಹಿಡಿಯುತ್ತದೆ. ಇನ್ನೊಂದು, ಆ ಅಲೆಯ ತಾಳಕ್ಕೆ ಸರಿಯಾಗಿ, ಪಡೆಯುವವರ ಕಿವಿಯ ಹಿಂದೆ ಮೆತ್ತಗೆ ತಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಅವರ ಮಿದುಳೂ ಅದೇ ತಾಳ ಹಿಡಿದು, ಅರೆನಿದ್ದೆಯಲ್ಲಿ ಹೊರಳಾಡದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಕೂಸಿನ ಎರಡು ಅಳುವಿನ ನಡುವೆ ತಾಯಿಗೆ ಸಿಗುವ ತುಸು ಹೊತ್ತೂ ದಂಡವಾಗಬಾರದು ಎನ್ನುವುದು ಉದ್ದೇಶ.

ತಾಳ ಹೊಂದಿಸುವ ಲೆಕ್ಕವನ್ನು ಬರೆದವಳು ನೀಲಾಂಬಿಕಾ. ಪ್ರಯೋಗಾಲಯ ನೋಡಲು ಬಂದವರಿಗೆಲ್ಲ ವಿವರಿಸುವ ಕೆಲಸವೂ ಅವಳದೇ ಆಗಿತ್ತು.

"ಅಲೆ ಅಷ್ಟ ಹೋಗತದರೀ, ವಿಚಾರ ಹೋಗಂಗಿಲ್ಲ," ಎನ್ನುತ್ತಿದ್ದಳು. "ತೊಟ್ಟಿಲಾ ತೂಗೋರು ಮನಸಿನ್ಯಾಗ ಏನರ ಅನ್ಕೊಳ್ಳಲಿ, ತೊಟ್ಟಿಲಕ್ಕ ಅದು ಗೊತ್ತಾಗತದೇನು?"

ಇದನ್ನೆಲ್ಲ ಅವಳು ಹೇಳುತ್ತಿದ್ದುದು ಪಿಸುಮಾತಿನಲ್ಲಿ. ಪಕ್ಕದ ಗಾಜಿನ ಕೋಣೆಯಲ್ಲಿ ಯಾವಾಗಲೂ ಯಾರಾದರೂ ಮಲಗಿರುತ್ತಿದ್ದುದರಿಂದ ಅಲ್ಲಿ ಗಟ್ಟಿಯಾಗಿ ಮಾತಾಡುವ ರೂಢಿಯೇ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀಲಿ ಬಟ್ಟೆಯ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಒಳಗೆ ಬರಬೇಕು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಶಾಹೀನ್ ಮುಲ್ಲಾ ಅವರಂತೂ ಮನೆಯಲ್ಲಿ ಗಂಡನನ್ನು ಬೈಯುವಾಗಲೂ ಪಿಸುಗುಡುತ್ತಾರೆ ಎಂದು ಹುಡುಗಿಯರು ನಗುತ್ತಿದ್ದರು.

ಮುಂದೆ ನೀಲಾ ಬಸಿರಾದಳು. ರಜೆ ಹಾಕಿ, ನರಗುಂದದ ತವರಲ್ಲಿ ಹೆರಿಗೆ ಮುಗಿಸಿ, ಕೂಸನ್ನು ಎತ್ತಿಕೊಂಡು ಧಾರವಾಡದ ಗಂಡನ ಮನೆಗೆ ಮರಳಿದಳು. ಜೊತೆಗೆ ಅವಳ ತಾಯಿ ಗೌರವ್ವ ಬಂದಳು, ಕೂಸು ಹೊಸ ಮನೆಗೆ ಹೊಂದಿಕೊಳ್ಳುವವರೆಗೆ ಇದ್ದು ಹೋಗಲೆಂದು.

*

ಕೂಸು ಹೊಂದಿಕೊಳ್ಳಲಿಲ್ಲ. ಹಗಲೆಲ್ಲ ಅರಳಿದ ಹೂವಿನಂತೆ ಇದ್ದು, ದೀಪ ಹಚ್ಚುವ ಹೊತ್ತಿಗೆ ಮುಷ್ಟಿ ಬಿಗಿದು ಅಳಲು ಶುರುಮಾಡಿದರೆ ಬೆಳಕು ಹರಿಯುವವರೆಗೂ ಬಿಟ್ಟು ಬಿಟ್ಟು ಅಳುತ್ತಿತ್ತು. ನೀಲಾ ಭುಜದ ಮೇಲೆ ಹಾಕಿಕೊಂಡು ತಿರುಗುತ್ತಿದ್ದಳು. ಗಂಡ ಸಂಗಮೇಶ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಅವನೂ ಎದ್ದು ಎತ್ತಿಕೊಳ್ಳುತ್ತಿದ್ದ. ಆದರೆ ಹಾಲು ಕುಡಿಸುವುದು ಅವನಿಂದ ಆಗುವ ಕೆಲಸವಲ್ಲವಲ್ಲ.

ಹಗಲಲ್ಲಿ ಕೂಸು ಮಲಗಿದಾಗ ನೀಲಾಳ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಅಷ್ಟರಲ್ಲಿ ಗೌರವ್ವ ಬಂದು ತೋಳು ಹಿಡಿದು ಕೂರಿಸುತ್ತಿದ್ದಳು.

"ಏಳವಾ ನನ್ನವ್ವಾ. ಹಸೀ ಬಾಣಂತಿ ಹಗಲ ಮಲಗಬಾರ್ದು. ಮೈಯಾಗ ನಂಜ ಏರತದ. ತಗೋ, ಅಂಟಿನ ಉಂಡಿ ತಿನ್ನು."

ಗೌರವ್ವನ ತಾಯಿ ಅವಳನ್ನು ಹೀಗೆಯೇ ಎಬ್ಬಿಸಿ ಕೂರಿಸಿದ್ದಳು, ಆ ತಾಯಿಯನ್ನು ಅವಳ ತಾಯಿ. ಇದರಲ್ಲಿ ಎರಡನೇ ಮಾತಿಗೆ ಜಾಗವಿರಲಿಲ್ಲ. ತಾನೂ ಹುಟ್ಟಿದಾಗಿನಿಂದ ಹಗಲು ನೆಲಕ್ಕೆ ಬೆನ್ನು ಹಚ್ಚಿದವಳಲ್ಲ. ಅದಕ್ಕೇ ಬೀಗರ ನಿದ್ದೆ ಅವಳಿಗೆ ದೊಡ್ಡ ಸೋಜಿಗವಾಗಿತ್ತು.

ಬೀಗರು ಎಂದರೆ ಸಂಗಮೇಶನ ತಂದೆ ಬಸಲಿಂಗಪ್ಪ. ಆಯುಷ್ಯವೆಲ್ಲ ರಾತ್ರಿ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ನಿಂತ ಗಳಿಗೆಗೆ, ಸ್ಟೇರಿಂಗ್ ಮೇಲೋ ಟಾಪಿನ ಮೇಲೋ ತಲೆ ಇಟ್ಟರೆ ನಿದ್ದೆ, ಕಂಡಕ್ಟರ್ ಬಾಗಿಲು ಬಡಿದರೆ ಎಚ್ಚರ. ಈಗ ಬಾಗಿಲು ಬಡಿಯುವವರಿಲ್ಲದ್ದರಿಂದ ಅಂಗಳದ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಮಲಗಿದರೆ ಮಲಗಿದಂತೆಯೇ. ಎಚ್ಚರವಿದ್ದಾಗ ಎಂಜಿನ್ನಿನ ಸದ್ದಿಗೆ ಎದುರಾಗಿ ಕೂಗುವ ರೂಢಿ. ಹೆಂಡತಿ ತೀರಿಕೊಂಡ ಮೇಲೆ ಆ ದನಿಯೂ ಗೊರಕೆಯೂ ಸೇರಿಯೇ ಮನೆಯನ್ನು ತುಂಬಿಕೊಂಡಿದ್ದವು.

"ಬೀಗರ, ಎದ್ದೀರೇನು? ಸೂರ್ಯಾ ಎದ್ದು ಅರ್ಧಾ ಊರು ತಿರುಗಿ ಬಂದಾ," ಎಂದು ಗೌರವ್ವ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದಳು.

"ಅವಂಗ ಡ್ಯೂಟಿ ಐತ್ರೀ ಬೀಗ್ತಿ! ನಾ ರಿಟೈರ್ ಆಗೇನಿ!" ಎಂದು ಬಸಲಿಂಗಪ್ಪ ಓಣಿಗೆಲ್ಲ ಕೇಳುವಂತೆ ಹೇಳಿ ಮಗ್ಗುಲು ಬದಲಿಸುತ್ತಿದ್ದರು.

ಮೊದಲು ನೀಲಾ ಇದಕ್ಕೆಲ್ಲ ನಗುತ್ತಿದ್ದಳು. ಕ್ರಮೇಣ ನಗುವುದು ಬಿಟ್ಟಳು. ಬೇಳೆ ಸಾರಿಗೆ ರುಚಿಯಿಲ್ಲ, ಬಿಸಿಲಿಗೆ ಬಣ್ಣವಿಲ್ಲ. ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಕಾರಣವಿಲ್ಲದೆ ಅಳುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಪಿಸುಮಾತು ಕೇಳಿಸಿತು. ತಾಯಿ, ಗಂಡ. ಅವಳು ಬಾಗಿಲಿಗೆ ಬಂದ ಕೂಡಲೇ ಇಬ್ಬರೂ ಸುಮ್ಮನಾದರು.

"ಏನ ಮಾತಾಡಾಕತ್ತಿದ್ರಿ?"

"ಏನಿಲ್ಲವಾ, ಸಂತಿ ಸಾಮಾನಿಂದು," ಎಂದಳು ಗೌರವ್ವ.

ಮರುದಿನವೂ ಹಾಗೆಯೇ. ಆಮೇಲೆ ನೀಲಾ ಕಿವಿಯನ್ನು ಗೋಡೆಗೇ ಕೊಟ್ಟಳು. ಅವಳ ಹೆಸರು ಕೇಳಿಸುತ್ತಿತ್ತು, ಮುಂದಿನದು ಕೇಳಿಸುತ್ತಿರಲಿಲ್ಲ. ಅವ್ವ ತನ್ನನ್ನು ಮಲಗಲು ಬಿಡದಿರುವುದೇಕೆ? ಅವಳು ಕೊಡುವ ಕಷಾಯ ಇಂದು ನಿನ್ನೆಗಿಂತ ಕಹಿಯಾಗಿದೆಯಲ್ಲ, ಅದೇಕೆ? ಒಂದೊಂದು ಪ್ರಶ್ನೆಯೂ ಹಿಂದಿನದರ ಕೈ ಹಿಡಿದುಕೊಂಡು ಬಂದು ನಿಂತಿತು. ನಿದ್ದೆ ಕೆಟ್ಟರೆ ಮನಸ್ಸು ಮಂಕಾಗುತ್ತದೆ, ಆ ಮಂಕಿನೊಳಗಿಂದ ನೋಡಿದರೆ ಎಲ್ಲರೂ ತನ್ನ ವಿರುದ್ಧ ನಿಂತಂತೆ ಕಾಣುತ್ತದೆ ಎಂದು ಎಷ್ಟು ಜನರಿಗೆ ಅವಳೇ ವಿವರಿಸಿದ್ದಳೋ. ಅದೂ ಅವಳಿಗೆ ನೆನಪಿತ್ತು. ಆದರೆ, 'ಹಾಗೆ ಅನ್ನಿಸುವುದು ಬೇರೆಯವರಿಗೆ. ನಾನಂತೂ ಕಣ್ಣಾರೆ ಕಾಣುತ್ತಿದ್ದೇನೆ' ಎಂದುಕೊಂಡಳು.

*

ಸಂಗಮೇಶ ಶಾಲೆ ಬಿಟ್ಟವನೇ ಪ್ರಯೋಗಾಲಯಕ್ಕೆ ಹೋದ. ನೀಲಿ ಚಪ್ಪಲಿ ಹಾಕಿಕೊಂಡು ಡಾಕ್ಟರ್ ಶಾಹೀನ್ ಎದುರು ಕೂತ. ಗಾಜಿನಾಚೆ ಇಬ್ಬರು ವಿದ್ಯಾರ್ಥಿಗಳು ಕುಂಚಿಗೆ ಕಟ್ಟಿಕೊಂಡು ಮಲಗಿದ್ದರು. ಪರದೆಯ ಮೇಲೆ ಎರಡು ಗೆರೆಗಳು ಅಕ್ಕಪಕ್ಕ ಏಳುತ್ತ ಇಳಿಯುತ್ತ ಸಾಗಿದ್ದವು.

"ಊಟಾ ಮಾಡವಲ್ಲಳ್ರೀ. ನಾ ಬಡಿಸಿದ್ದಂತೂ ಮುಟ್ಟಂಗಿಲ್ಲ. ಕೂಸಿನ್ನ ಕೆಳಗ ಇಳಸವಲ್ಲಳು," ಎಂದ, ಅಲ್ಲಿಯ ರೂಢಿಯಂತೆ ಪಿಸುಮಾತಿನಲ್ಲಿ.

"ಹಗಲ ಸ್ವಲ್ಪರ ಮಲಗ್ತಾಳೇನು?"

"ಅತ್ತಿ ಬಿಡಂಗಿಲ್ಲ. ನಂಜಂತ."

ಶಾಹೀನ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಅವರ ಅಮ್ಮಿಯೂ ಇದೇ ಮಾತು ಹೇಳಿಯೇ ಅವರನ್ನು ಎಬ್ಬಿಸಿ ಕೂರಿಸಿದ್ದರು. "ಆಸ್ಪತ್ರಿ ಡಾಕ್ಟರಿಗೂ ತೋರಸೂಣು, ನಾ ಹೇಳಿ ಇಡ್ತೀನಿ. ನಾಳೆ ಮುಂಜಾನೆ ಕುಂಚಿಗಿ ತಗೊಂಡ ನಾನ ಬರ್ತೀನಿ. ಕೊಡೋರು ಯಾರಾಗ್ತಾರ? ಅವರ ತಾಯಿ?"

"ಅವರು ಹಗಲ ಕಣ್ಣ ಮುಚ್ಚಿದ್ರ ಭೂಮಿ ಬಾಯಿ ಬಿಡತದ."

"ಹಂಗಾರ ನೀವು. ಇಲ್ಲಾಂದ್ರ ನಾನು. ಖರೇ ತೊಡಕು ಅದಲ್ಲ ಸಂಗಮೇಶ." ಶಾಹೀನ್ ಪರದೆಯ ಕಡೆ ನೋಡಿದರು. "ಕುಂಚಿಗಿ ಕಟ್ಟಿಕೊಂಡು ಕಣ್ಣ ಮುಚ್ಚಬೇಕಂದ್ರ ಎದುರಿನವರ ಮ್ಯಾಲ ನಂಬಿಕಿ ಬೇಕು. ನಂಬಿಕಿ ಬರಬೇಕಂದ್ರ ಮೊದಲ ನಿದ್ದಿ ಬೇಕು."

ಸಂಗಮೇಶ ಅದನ್ನೇ ಯೋಚಿಸುತ್ತ ಎದ್ದು, ಅದನ್ನೇ ಯೋಚಿಸುತ್ತ ಮನೆಗೆ ಬಂದ. ಬಾಗಿಲು ತೆಗೆದ ನೀಲಾ ಅವನ ಮುಖ ನೋಡಲಿಲ್ಲ. ಅವಳ ಕಣ್ಣು ನೇರವಾಗಿ ಕೆಳಗೆ ಹೋಯಿತು. ಅವನ ಕಾಲಲ್ಲಿ ಪ್ರಯೋಗಾಲಯದ ನೀಲಿ ಬಟ್ಟೆಯ ಚಪ್ಪಲಿಗಳು ಹಾಗೆಯೇ ಇದ್ದವು.

"ನೀವ ಎಲ್ಲಿಗೆ ಹೋಗಿದ್ರಿ ಅಂತ ನಾ ಕೇಳಂಗಿಲ್ಲ," ಎಂದಳು. "ನನ್ನ ಆ ಗಾಜಿನ ಖೋಲ್ಯಾಗ ಮಲಗಸಿ, ಕೂಸಿನ್ನ ಅವ್ವನ ಕೈಯಾಗ ಕೊಡೋದು. ಇದ ಅಲ್ಲೇನು ಸಂತಿ ಸಾಮಾನು?"

"ನೀಲಾ, ಹಂಗಲ್ಲ—"

"ಅವ್ವಾ!" ಅವಳು ತಾಯಿಯ ಕಡೆ ತಿರುಗಿದಳು. "ನೀ ನಾಳಿ ಮಧ್ಯಾಹ್ನದ ಬಸ್ಸಿಗೆ ನಿನ್ನೂರಿಗೆ ಹೋಗಿಬಿಡು. ನನ್ನ ಕೂಸಿನ್ನ ಮುಟ್ಟಬ್ಯಾಡ. ತಿರಗಿ ಬರಬ್ಯಾಡ."

ಗೌರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಒಳಗೆ ಹೋಗಿ ಸೀರೆಗಳನ್ನು ಮಡಚತೊಡಗಿದಳು.

*

ಮರುದಿನ ಬೆಳಿಗ್ಗೆ ಶಾಹೀನ್ ಒಂದು ಬುಟ್ಟಿ ಹಿಡಿದುಕೊಂಡು ಬಂದರು. ನೀಲಾ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಕೂಸು. ಅವಳ ಕಣ್ಣಿನ ಕೆಳಗೆ ಮಸಿ ಬಳಿದಂತಾಗಿತ್ತು. ಹೊರಗೆ ಪಡಸಾಲೆಯಲ್ಲಿ ಗೌರವ್ವನ ಚೀಲ ಕಟ್ಟಿಕೊಂಡು ಸಿದ್ಧವಾಗಿತ್ತು. ಒಳಗೆ ಅವಳು ಉಳಿದ ಅಂಟಿನ ಉಂಡೆಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಿದ್ದಳು. ತಾನು ಹೋದ ಮೇಲೆ ಮಗಳು ತಿನ್ನಲೆಂದು.

ಶಾಹೀನ್ ನೆಲದ ಮೇಲೆ ಕೂತು ಎರಡೂ ಕುಂಚಿಗೆಗಳನ್ನು ಬುಟ್ಟಿಯಿಂದ ತೆಗೆದಿಟ್ಟರು.

"ಇದು ನಿಂದ ಕೂಸು, ನೀಲಾ. ಇದನ್ನ ನೀನ ಬೆಳಿಸೀದಿ. ಅಲೆ ಅಷ್ಟ ಹೋಗತದ."

"ನಾ ರಜಾದಾಗ ಇದ್ದಾಗ ಅದರಾಗ ಮತ್ತೇನ ಸೇರಿಸೀರಿ, ನನಗೇನ ಗೊತ್ತು?"

"ಬಿಚ್ಚಿ ನೋಡು."

ನೀಲಾ ಬಿಚ್ಚಿ ನೋಡಿದಳು. ಹೊಲಿಗೆ ಹರಿದು, ತಂತಿಗಳನ್ನು ಉಗುರಿನಿಂದ ಎಬ್ಬಿಸಿ, ಒಳಗಿನ ಚಿಪ್ ಅನ್ನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಸೇರಿಸಿ ಸಾಲು ಸಾಲಾಗಿ ಓದಿದಳು. ಎಲ್ಲ ಅವಳು ಬರೆದದ್ದೇ. ಒಂದು ಚುಕ್ಕೆ ಹೆಚ್ಚಿಲ್ಲ.

"ಕೊಡೋರು ಯಾರು?" ಎಂದು ಕೇಳಿದಳು.

"ನಿಮ್ಮ ಅವ್ವ ಒಪ್ಪಿದ್ರ, ಅವರು."

"ಬ್ಯಾಡ."

"ಸಂಗಮೇಶ?"

"ಬ್ಯಾಡ."

"ನಾನು?"

ನೀಲಾ ಅವರನ್ನೇ ದಿಟ್ಟಿಸಿದಳು. "ನೀವಂತೂ ಮೊದಲ ಬ್ಯಾಡ. ನೀವೆಲ್ಲಾ ಪಿಸು ಪಿಸು ಅಂತೀರಿ."

ಶಾಹೀನ್ ಏನೋ ಹೇಳಲು ಬಾಯಿ ತೆರೆದರು. ತಾವು ಈ ಕೋಣೆಗೆ ಬಂದಾಗಿನಿಂದ ಆಡಿದ ಪ್ರತಿಯೊಂದು ಮಾತೂ ಪಿಸುಮಾತೇ ಆಗಿತ್ತೆಂದು ಹೊಳೆದು, ಹಾಗೆಯೇ ಮುಚ್ಚಿದರು. ಅಷ್ಟರಲ್ಲಿ ಕಿಟಕಿಯಾಚೆಯಿಂದ ಒಂದು ಸದ್ದು ಒಳಗೆ ಬಂತು. ಏರು ದಾರಿಯಲ್ಲಿ ತುಂಬಿದ ಬಸ್ಸು ಗೇರು ಬದಲಿಸಿದಂಥ ಸದ್ದು. ನಿಂತಂತಾಗಿ ಮತ್ತೆ ಹೊರಡುತ್ತಿತ್ತು.

ನೀಲಾ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು.

"ಮಾವಾರು," ಎಂದಳು.

"ಏನು?"

"ಮಾವಾರು ಕೊಡಲಿ. ಈ ಮನ್ಯಾಗ ಪಿಸುಗುಡದವ್ರು ಅವ್ರೊಬ್ರ." ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಏನೋ ಸಡಿಲವಾಯಿತು. "ಮಲಗಿದ ಮನಶ್ಯಾ ಸಂಚು ಹ್ಯಾಂಗ ಮಾಡ್ತಾನ್ರೀ? ಅವ್ರು ಮಲಗ್ಯಾರಂತ ನನಗ ಕೇಳಸ್ತದ."

ಶಾಹೀನ್ ಬಾಗಿಲಲ್ಲಿ ನಿಂತಿದ್ದ ಸಂಗಮೇಶನ ಮುಖ ನೋಡಿದರು. ಕೊಡುವವರಿಗೆ ಅರವತ್ತು ದಾಟಿರಬಾರದೆಂದು ಪ್ರಯೋಗಾಲಯದ ನಿಯಮ. ವಯಸ್ಸಾದಂತೆ ಗಾಢ ನಿದ್ದೆಯ ಅಲೆ ತೆಳುವಾಗುತ್ತದೆಂದು ಆ ನಿಯಮ ಮಾಡಿದವಳೂ ನೀಲಾಳೇ. ಆದರೆ ಈಗ ನಿಯಮದ ಮಾತೆತ್ತುವ ಹೊತ್ತಾಗಿರಲಿಲ್ಲ.

ಇನ್ನೊಂದು ತೊಡಕಿತ್ತು. ಮಾವನ ಎದುರು ಸೊಸೆ ಕಾಲು ಚಾಚಿ ಮಲಗುವುದುಂಟೇ? ಆದರೆ ಅವರು ಅಂಗಳದಲ್ಲಿ, ಇವಳು ಒಳಗೆ, ನಡುವೆ ಗೋಡೆ ಮತ್ತು ಕಿಟಕಿ. ಕುಂಚಿಗೆಗಳಿಗೆ ಗೋಡೆ ಅಡ್ಡಿಯಾಗುತ್ತಿರಲಿಲ್ಲ. ಸಂಗಮೇಶ ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಿ, ಹೊರಗೆ ಹೋಗಿ ತಂದೆಯ ಭುಜ ಅಲುಗಾಡಿಸಿದ.

"ಯಾವ ಸ್ಟಾಪು?" ಎಂದು ಬಸಲಿಂಗಪ್ಪ ಎದ್ದು ಕೂತರು.

ಸಂಗಮೇಶ ಎಲ್ಲ ಹೇಳಿದ. ನೀಲಾಳ ಸ್ಥಿತಿ, ಕುಂಚಿಗೆ, ಅಲೆ. ಅವರು ಕೇಳಿ ಮುಗಿಸಿ ಕಿಟಕಿಯ ಕಡೆ ತಿರುಗಿ ಕೂಗಿದರು.

"ಏನವಾ ತಂಗೀ ನೀಲವ್ವಾ! ನಾ ಮಲಗಿದ್ರ ನಿನಗ ನಿದ್ದಿ ಬರತದಂತ, ಹೌದೇನು?"

"ಹೌದ್ರೀ ಮಾವಾರ," ಎಂದಳು ನೀಲಾ ಒಳಗಿನಿಂದ. ಬಹಳ ದಿನಗಳ ಮೇಲೆ ಅವಳ ದನಿಯೂ ಗಟ್ಟಿಯಾಗಿ ಬಂದಿತ್ತು.

"ಇದಕ್ಯಾಕ ಎಬ್ಬಿಸಿದ್ಯೋ ಮಂಗ್ಯಾ? ಮಲಗಿದ್ನಲ್ಲಾ!" ಎಂದು ಮಗನನ್ನು ಬೈದು, ಕುಂಚಿಗೆಯ ಲಾಡಿಯನ್ನು ಗದ್ದದ ಕೆಳಗೆ ತಾವೇ ಕಟ್ಟಿಕೊಂಡು, ಬಸಲಿಂಗಪ್ಪ ಹೊರಸಿನ ಮೇಲೆ ಒರಗಿದರು. ಒಳಗಿನಿಂದ ಇಣುಕಿದ ಗೌರವ್ವ, ಅಂಥ ದುಃಖದಲ್ಲೂ, ಬೀಗರನ್ನು ಕೂಸಿನ ಕುಂಚಿಗೆಯಲ್ಲಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಉಳಿದದ್ದು ಕೂಸು. ಅದನ್ನು ಯಾರ ಕೈಗೆ ಕೊಡುವುದು? ನೀಲಾ ಕೂಸನ್ನು ತನ್ನ ಪಕ್ಕದ ತೊಟ್ಟಿಲಲ್ಲೇ ಮಲಗಿಸಿ, ಬಾಗಿಲು ತೆರೆದೇ ಇರಬೇಕೆಂದೂ, ಎಲ್ಲರೂ ಪಡಸಾಲೆಯಲ್ಲಿ ತನಗೆ ಕಾಣುವಂತೆ ಕೂರಬೇಕೆಂದೂ ಹೇಳಿದಳು. ಹಾಗೆಯೇ ಆಗಲಿ ಎಂದರು. ಅವಳು ಕುಂಚಿಗೆ ಕಟ್ಟಿಕೊಂಡಳು. ಕಣ್ಣು ತೆರೆದುಕೊಂಡೇ ಒರಗಿದಳು.

ಹೊರಗೆ ಗೊರಕೆ ಶುರುವಾಯಿತು. ಕಿವಿಯ ಹಿಂದೆ ಮೆತ್ತಗೆ ತಟ್ಟು. ಗೊರಕೆ ಕೇಳುತ್ತಿರುವವರೆಗೆ ಅವರು ಮಲಗಿದ್ದಾರೆ. ಮಲಗಿರುವವರೆಗೆ ಹೆದರಿಕೆಯಿಲ್ಲ. ಮುಂದಿನ ಗೊರಕೆ ಬರುತ್ತದೋ ಇಲ್ಲವೋ ಎಂದು ಅವಳು ಕಾದಳು. ಬಂತು. ಇನ್ನೊಂದಕ್ಕೆ ಕಾದಳು. ಅದೂ ಬಂತು. ಮತ್ತೊಂದು ಬಂದಾಗ ಅದನ್ನು ಕೇಳಲು ಅವಳು ಎಚ್ಚರವಿರಲಿಲ್ಲ.

ಪಡಸಾಲೆಯಲ್ಲಿ ಶಾಹೀನ್ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ ಪರದೆಯನ್ನು ಸಂಗಮೇಶನ ಕಡೆ ತಿರುಗಿಸಿದರು. ಬಸಲಿಂಗಪ್ಪನವರ ಗೆರೆ ಗುಡ್ಡಗಳ ಸಾಲಿನಂತೆ ದೊಡ್ಡದಾಗಿ ಏಳುತ್ತಿತ್ತು. ಇಷ್ಟು ಎತ್ತರದ ಅಲೆಯನ್ನು ಶಾಹೀನ್ ಯಾವ ಹರೆಯದ ಹುಡುಗನಲ್ಲೂ ಕಂಡಿರಲಿಲ್ಲ. ಅದರ ಕೆಳಗೆ ನೀಲಾಳ ಗೆರೆ ಮೊದಲು ಮುಳ್ಳುಮುಳ್ಳಾಗಿತ್ತು. ನೋಡನೋಡುತ್ತಿದ್ದಂತೆ ಒಂದೊಂದೇ ಮುಳ್ಳು ಉದುರಿ, ಮೇಲಿನ ಗುಡ್ಡಕ್ಕೆ ಸರಿಯಾಗಿ ಕೆಳಗೊಂದು ಗುಡ್ಡ ಏಳತೊಡಗಿತು.

*

ನೀಲಾ ಕಣ್ಣು ತೆರೆದಾಗ ಗೋಡೆಯ ಮೇಲಿನ ಬಿಸಿಲು ಈ ಕಡೆಯಿಂದ ಆ ಕಡೆಗೆ ಸರಿದಿತ್ತು. ಬಿಸಿಲಿಗೆ ಒಂದು ಬಣ್ಣವಿತ್ತು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಮಲಗಿದ್ದಳು. ಆಮೇಲೆ ತೊಟ್ಟಿಲು ನೋಡಿದಳು. ಖಾಲಿ.

ಗೊರಕೆ ನಿಂತಿತ್ತು. ಅಡುಗೆಮನೆಯಿಂದ ಪಿಸುಮಾತು ಕೇಳುತ್ತಿತ್ತು.

ಅವಳು ಎದ್ದು, ಗೋಡೆ ಹಿಡಿದುಕೊಂಡು, ಸದ್ದಾಗದಂತೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಹಿಂದೆಲ್ಲ ಇಲ್ಲಿ ನಿಂತಾಗ ಅವಳ ಹೆಸರಷ್ಟೇ ಕೇಳಿಸುತ್ತಿತ್ತು. ಈಗ ಪೂರಾ ಮಾತು ಕೇಳಿಸಿತು.

"ಸಣ್ಣಗ ಮಾತಾಡ್ರಿ," ಎನ್ನುತ್ತಿದ್ದ ಸಂಗಮೇಶ. "ಎದ್ದಗಿದ್ದಾರು. ನಸುಕಿನ್ಯಾಗ ಕಣ್ಣ ಹತ್ತಿದ ನೀಲಾನ್ನ ಎಬ್ಬಸಬಾರ್ದಂತ, ಆಕೀ ಚಿಂತೀನ ಮಾಡಕೋತ ಇಷ್ಟು ದಿವಸ ಪಿಸುಗುಟ್ಟಿ ಪಿಸುಗುಟ್ಟಿ ನನಗೂ ಅತ್ತಿಗೂ ಅದ ರೂಢಿ ಆಗೇತಿ. ಈಗ ಅತ್ತೀನ ಮಲಗ್ಯಾರ ನೋಡ್ರಿ."

ನೀಲಾ ಒಳಗೆ ಕಾಲಿಟ್ಟಳು. ಒಲೆಯ ಹತ್ತಿರ ಸಂಗಮೇಶ, ಶಾಹೀನ್ ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಅವಳನ್ನು ಕಂಡು ಇಬ್ಬರೂ ಸುಮ್ಮನಾದರು. ಸಂಗಮೇಶ ಮೂಲೆಯ ಕಡೆ ಕೈ ತೋರಿಸಿದ.

ಅಲ್ಲಿ, ನೆಲದ ಮೇಲೆ, ಹಾಡೇ ಹಗಲು, ಗೌರವ್ವ ಮಲಗಿದ್ದಳು. ಬಸ್ಸಿನ ಹೊತ್ತಾಗಲೆಂದು ಚೀಲ ಪಕ್ಕಕ್ಕಿಟ್ಟುಕೊಂಡು ಕೂತವಳು ಹಾಗೆಯೇ ಅದರ ಮೇಲೆ ತಲೆ ಇಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ರಾತ್ರಿಗಳಲ್ಲಿ ಮಗಳು ತಿರುಗುತ್ತಿದ್ದಾಗ ಈ ಹೆಂಗಸೂ ಕತ್ತಲಲ್ಲಿ ಕಣ್ಣು ತೆರೆದುಕೊಂಡೇ ಬಿದ್ದಿರುತ್ತಿದ್ದಳು ಎನ್ನುವುದು ಆ ಮುಖವನ್ನು ನೋಡಿದ ಮೇಲೆ ಯಾರೂ ಹೇಳಬೇಕಾಗಿರಲಿಲ್ಲ.

"ಕೂಸು?" ಎಂದಳು ನೀಲಾ.

"ಅತ್ತ ಕೂಡಲೇ ಎತ್ತಿಕೊಂಡ್ನಿ. ಅಪ್ಪ ಈಗ ಎದ್ದು ಅಂಗಳದಾಗ ಎತಗೊಂಡಾನ." ಸಂಗಮೇಶ ತಡೆದು, ಹೆದರುತ್ತಲೇ ಸೇರಿಸಿದ. "ನಿನ್ನ ಕೇಳದ ತಗೊಂಡ್ನಿ."

ನೀಲಾ ಕೋಣೆಗೆ ಹೋಗಿ ತನ್ನ ದಿಂಬು ತಂದಳು. ಮಂಡಿಯೂರಿ, ಒಂದು ಕೈಯಿಂದ ತಾಯಿಯ ತಲೆಯನ್ನು ಎತ್ತಿ, ಚೀಲವನ್ನು ಎಳೆದು, ಅಲ್ಲಿಗೆ ದಿಂಬು ಸರಿಸಿದಳು. ಗೌರವ್ವ ಮುಲುಗಿದಳಷ್ಟೇ, ಏಳಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ಬಸಲಿಂಗಪ್ಪ ಕಾಣಿಸಿಕೊಂಡರು. ಕುಂಚಿಗೆ ಇನ್ನೂ ತಲೆಯ ಮೇಲೇ ಇತ್ತು.

"ಏನ್ರೀ ಬೀಗ್ತಿ, ಬಸ್ಸು—"

"ಶ್!" ಎಂದಳು ನೀಲಾ, ತುಟಿಯ ಮೇಲೆ ಬೆರಳಿಟ್ಟು. ಆಮೇಲೆ, ಕೂಸನ್ನು ಎತ್ತಿಕೊಂಡು ಈ ಮನೆಗೆ ಬಂದ ಮೇಲೆ ಮೊದಲ ಸಲ, ತಾನೇ ಪಿಸುಗುಟ್ಟಿದಳು. "ಅವ್ವನ್ನ ಎಬ್ಬಸಬ್ಯಾಡ್ರಿ ಮಾವಾರ. ಆಕೀ ಹೋಗಂಗಿಲ್ಲ."

ಚೀಲವನ್ನು ಒಳಗೆ ಒಯ್ದು, ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು.

*

ಒಂದೇ ಮಧ್ಯಾಹ್ನಕ್ಕೆ ಎಲ್ಲ ತಿಳಿಯಾಗಲಿಲ್ಲ. ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ ಬರುವುದಿತ್ತು, ಗುಳಿಗೆಗಳಿದ್ದವು. ಕೆಲವು ದಿನ ಮಂಕು ಮರಳಿ ಬರುತ್ತಿತ್ತು. ಆಗೆಲ್ಲ ನೀಲಾ ಕಷಾಯದ ಬಟ್ಟಲನ್ನು ತಾಯಿಯ ಮುಂದೆ ಹಿಡಿದು, "ಮೊದಲ ನೀ ಒಂದು ಗುಟುಕು ಕುಡಿ," ಎನ್ನುತ್ತಿದ್ದಳು. ಗೌರವ್ವ ಎರಡು ಗುಟುಕು ಕುಡಿದು ತೋರಿಸುತ್ತಿದ್ದಳು. ದಿನವೂ ಊಟವಾದ ಮೇಲೆ ಮಾವ ಹೊರಗೆ, ಸೊಸೆ ಒಳಗೆ. ನಂಜಿನ ಮಾತು ಗೌರವ್ವ ಪೂರ್ತಿ ಬಿಡಲಿಲ್ಲ. ಆದರೆ ಕುಂಚಿಗೆಯ ನಿದ್ದೆ ಬೀಗರ ನಿದ್ದೆಯೇ ಹೊರತು ಬಾಣಂತಿಯ ನಿದ್ದೆಯಲ್ಲ, ಹಾಗಾಗಿ ನಂಜು ಏರಿದರೆ ಬೀಗರಿಗೇ ಏರಲಿ ಎಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಳು.

ಕೂಸಿಗೆ ಹಲ್ಲು ಬರುವ ಹೊತ್ತಿಗೆ ನೀಲಾ ಕೆಲಸಕ್ಕೆ ಮರಳಿದಳು. ಈಗ ಕುಂಚಿಗೆಗಳು ಹೆರಿಗೆ ಆಸ್ಪತ್ರೆಗಳಿಗೂ ಹೋಗಿವೆ. ಅವುಗಳ ಜೊತೆ ಹೋಗುವ ಕಾಗದದಲ್ಲಿ ಅವಳೇ ಬರೆದ ಒಂದು ಸಾಲಿದೆ: ಪಡೆಯುವವರ ಮನೆಯಲ್ಲಿ ಪಿಸುಗುಡಬೇಡಿ, ಹೇಳುವುದನ್ನು ಕೇಳುವಂತೆ ಹೇಳಿ. ವಯಸ್ಸಿನ ನಿಯಮವನ್ನು ತೆಗೆದುಹಾಕಿದ್ದಾಳೆ. ಬಸಲಿಂಗಪ್ಪನವರ ಡಿಪೋದ ಗೆಳೆಯರು ಈಗ ಸರದಿಯ ಮೇಲೆ ಪ್ರಯೋಗಾಲಯಕ್ಕೆ ಬಂದು, ಮಂಡಕ್ಕಿ ತಿಂದು, ಮಲಗಿ ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಬಸಲಿಂಗಪ್ಪ ಮಲಗಿದ್ದರು. ಆಚೆ ಹಾಸಿಗೆಯಲ್ಲಿ ಯಾರದೋ ಮನೆಯ ಹೊಸ ತಾಯಿ ಕಣ್ಣು ತೆರೆದುಕೊಂಡೇ ಬಾಗಿಲ ಕಡೆ ನೋಡುತ್ತಿದ್ದಳು. ನೀಲಾ ಅವಳ ಹತ್ತಿರ ಹೋಗಿ ಕೂತು, ಇಡೀ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ಗೊರಕಿ ಕೇಳಸ್ತದಲ್ಲ ತಂಗೀ?"

ಹುಡುಗಿ ತಲೆಯಾಡಿಸಿದಳು.

"ಅದನ್ನ ಕೇಳ್ಕೋತ ಇರು. ಮುಂದಿಂದು ಬಂದ ಬರತದ."